ಅಡ್ಡಗೆರೆ ಎಳೆದ ಏಳು

ಮಾರ್ಚ್ 14, ಗುರುವಾರ
ಮಧ್ಯಾಹ್ನ, ನನ್ನ ಕೋಣೆಯಿಂದ

ಪ್ರೀತಿಯ ಅಮ್ಮ,

ನಿನ್ನ ಪಿಟೀಲಿನ ನಮಸ್ಕಾರ. ಚಿಕ್ಕಂದಿನಲ್ಲಿ ಒಂದು ಪ್ರಶ್ನೆ ಹಿಡಿದರೆ ಉತ್ತರ ಸಿಗುವವರೆಗೂ ಕುಯ್ಯುತ್ತಲೇ ಇರುತ್ತೇನೆಂದು ನೀನೇ ಇಟ್ಟ ಹೆಸರು. ಇವತ್ತು ಹೆಸರಿಗೆ ತಕ್ಕ ಹಾಗೆ ಕುಯ್ಯುವವಳಿದ್ದೇನೆ. ಕೊನೆಯವರೆಗೂ ಕೇಳು. ನಡುವೆ ‘ಸಾಕು ಬಿಡು’ ಅನ್ನಬೇಡ.

ಈ ವಾರ ನೀನು ಫೋನಿನಲ್ಲಿ ಮೂರು ಸಲ ಕೇಳಿದೆ, ಯಾವ ಕೆಲಸ ಒಪ್ಪಿಕೊಂಡೆ ಎಂದು. ಮೂರು ಸಲವೂ ‘ಇನ್ನೂ ಯೋಚನೆ ಮಾಡ್ತಿದೀನಿ’ ಅಂದೆ. ಅರ್ಧ ಸುಳ್ಳು ಅದು. ಯೋಚನೆ ಮಾಡುತ್ತಿದ್ದದ್ದು ನಿಜ, ಕೆಲಸದ ಬಗ್ಗೆ ಅಲ್ಲ. ಫೋನಿನಲ್ಲಿ ಇದನ್ನೆಲ್ಲ ಹೇಳಹೊರಟರೆ ನೀನು ಮಾತು ಬದಲಿಸುತ್ತೀ. ಅದರಲ್ಲಿ ನಿನ್ನನ್ನು ಮೀರಿಸುವವರಿಲ್ಲ. ಅದಕ್ಕೇ ಕಾಗದ.

ಎರಡು ಕಡೆಯಿಂದ ಕರೆ ಬಂದಿರುವುದು ನಿನಗೆ ಗೊತ್ತೇ ಇದೆ. ಒಂದು, ಗಾಜಿನ ಕಟ್ಟಡದ ಹೊಸ ಸಂಸ್ಥೆ. ಇನ್ನೊಂದು, ನೆತ್ತಿಯ ಮೇಲೆ ದೊಡ್ಡ ಗಡಿಯಾರವಿರುವ, ನೀನು ಹದಿನಾರು ವರ್ಷ ದುಡಿದ ಹಳೆಯ ಬ್ಯಾಂಕು. ಎರಡೂ ಕಡೆ ಕೆಲಸ ಒಂದೇ. ಒಂದು ಕಂಪನಿ ಇನ್ನೊಂದನ್ನು ಕೊಳ್ಳಲು ಹೊರಟಾಗ ಅದಕ್ಕೆ ಎಷ್ಟು ಬೆಲೆ ಕೊಡಬಹುದೆಂದು ಲೆಕ್ಕ ಹಾಕಿ ಸಲಹೆ ಕೊಡುವುದು. ‘ಸೂಟು ಹಾಕಿದ ಮನೆ ಬ್ರೋಕರು’ ಎಂದು ನಗುತ್ತೀಯಲ್ಲ, ಅದೇ. ಇಬ್ಬರಿಗೂ ನಾಳೆ ಸಂಜೆಯೊಳಗೆ ಉತ್ತರ ಬೇಕಿತ್ತು. ಇವತ್ತು ಬೆಳಿಗ್ಗೆಯೇ ಬರೆದು ಕಳಿಸಿಬಿಟ್ಟೆ. ಏನು ಬರೆದೆ ಅನ್ನುವುದು ಆಮೇಲೆ.

ಮೊದಲು ಗಾಜಿನ ಕಟ್ಟಡದ ಸುದ್ದಿ. ಅಲ್ಲಿನ ಮುಖ್ಯಸ್ಥರನ್ನು ಕೆಳಗಿನವರೆಲ್ಲ ಬೆನ್ನ ಹಿಂದೆ ‘ಸಕ್ಕರೆ’ ಅನ್ನುತ್ತಾರೆ. ಬಾಯಿ ತೆರೆದರೆ ಅಷ್ಟು ಸಿಹಿ. ನಮ್ಮ ಕೆಲಸದಲ್ಲಿ ಸಂದರ್ಶನ ಅಂದರೆ ಚರ್ಮ ಸುಲಿಯುವುದು, ನಿನಗೆ ಹೇಳಬೇಕಾಗಿಲ್ಲ. ಮೊದಲ ಎರಡು ಸುತ್ತಿನಲ್ಲಿ ಅಲ್ಲಿಯವರೂ ಸುಲಿದರು. ಮೂರನೆಯದು ಸಕ್ಕರೆಯವರ ಜೊತೆ. ಅವರು ಏನೂ ಕೇಳಲಿಲ್ಲ. ಊಟ ಆಯಿತಾ, ಮನೆಯಿಂದ ಎಷ್ಟು ದೂರ, ಇಂಥವೇ. ಕೊನೆಗೆ ಬಾಯುಪಚಾರಕ್ಕೆಂಬಂತೆ ಗೋಡೆಯ ಬೋರ್ಡಿನ ಮೇಲೆ ಒಂದು ಸಣ್ಣ ಲೆಕ್ಕ ಮಾಡಿ ತೋರಿಸಲು ಹೇಳಿದರು. ಬರೆಯುತ್ತಿದ್ದೆ. ಹಿಂದಿನಿಂದ ನಕ್ಕ ಸದ್ದು ಕೇಳಿಸಿತು.

“ಏಳಕ್ಕೆ ಅಡ್ಡಗೆರೆ ಹಾಕ್ತೀರಲ್ಲ! ನಿಮ್ಮ ತಾಯಿಯವರ ಕೈಬರಹದಲ್ಲೂ ಹಾಗೇ ಇತ್ತು.”

ನನಗೂ ನಗು ಬಂತು. ಒಂದೂ ಏಳೂ ಒಂದೇ ಥರ ಕಾಣಬಾರದು, ಏಳರ ಹೊಟ್ಟೆಗೆ ಒಂದು ಗೆರೆ ಎಳಿ ಎಂದು ನೀನು ಕಲಿಸಿದ್ದು. ನಿನ್ನ ಪರಿಚಯದವರು ಒಬ್ಬರು ಸಿಕ್ಕರಲ್ಲ ಎಂದು ಖುಷಿಯಿಂದಲೇ ಹೊರಗೆ ಬಂದೆ. ಲಿಫ್ಟಿನಲ್ಲಿ ಇಳಿಯುವಾಗ ತಲೆಯಲ್ಲಿ ಏನೋ ಕಚ್ಚಿತು. ನೀನು ದುಡಿದದ್ದು ಗಡಿಯಾರದ ಬ್ಯಾಂಕಿನಲ್ಲಿ. ಈ ಮನುಷ್ಯ ಒಂದು ದಿನವೂ ಅಲ್ಲಿರಲಿಲ್ಲ, ಯಾವತ್ತೂ ಎದುರು ಪಾಳಯದವರು. ನಿಮ್ಮ ವಿಭಾಗದ ಕಾಗದ ಹೊರಗೆ ಹೋಗುವುದೆಲ್ಲ ಟೈಪ್ ಆಗಿ. ಪೆನ್ಸಿಲಿನಲ್ಲಿ ನೀನು ತಿದ್ದಿದ್ದು ಒಳಗಿನವರಿಗೆ ಮಾತ್ರ. ಹಾಗಿದ್ದರೆ ನಿನ್ನ ಏಳನ್ನು ಇವರು ಎಲ್ಲಿ ನೋಡಿದರು?

ಮಾರನೆಯ ದಿನ ಬೆಳಿಗ್ಗೆ ಅವರ ಆಫರ್ ಬಂತು. ಈಗಿನ ಸಂಬಳದ ಎರಡು ಪಟ್ಟಿಗೆ ಸ್ವಲ್ಪ ಕಡಿಮೆ. ನಾನು ಎರಡು ದಿನ ಸುಮ್ಮನಿದ್ದುದಕ್ಕೆ ಅವರೇ ಇನ್ನಷ್ಟು ಏರಿಸಿದರು. ನಾನು ಚೆನ್ನಾಗಿ ಕೆಲಸ ಮಾಡುತ್ತೇನೆ ಅಮ್ಮ, ಸುಳ್ಳು ವಿನಯ ಬೇಡ. ಆದರೆ ಅಷ್ಟೇನೂ ಚೆನ್ನಾಗಿ ಮಾಡುವುದಿಲ್ಲ. ಕೇಳದೆ ಬೆಲೆ ಏರಿಸುವವನನ್ನು ಕಂಡರೆ ಮೊದಲು ಅನುಮಾನ ಪಡು, ನನ್ನ ಕಸುಬಿನ ಮೊದಲ ಪಾಠವೇ ಅದು.

ಇನ್ನು ಗಡಿಯಾರದ ಬ್ಯಾಂಕು. ಅಲ್ಲಿ ನಾಲ್ಕು ಗಂಟೆ ಮೂವರು ಸೇರಿ ನನ್ನನ್ನು ಹಿಂಡಿದರು. ಅಂಗಿಯ ಬೆನ್ನು ಒದ್ದೆಯಾಗಿತ್ತು. ಆಮೇಲೆ ಒಂದು ಫಾರಂ ಕೊಟ್ಟರು. ‘ಸಂಬಂಧಿಕರು ಯಾರಾದರೂ ಇಲ್ಲಿ ಕೆಲಸ ಮಾಡಿದ್ದಾರೆಯೇ?’ ಎಂಬ ಕಡೆ, ದೊಡ್ಡ ಅಕ್ಷರದಲ್ಲಿ, ಹೆಮ್ಮೆಯಿಂದ ಬರೆದೆ: ತಾಯಿ, ಹದಿನಾರು ವರ್ಷ, ವಿಲೀನ ವಿಭಾಗದ ಮುಖ್ಯಸ್ಥರ ಕಾರ್ಯದರ್ಶಿ. ಅದಾದ ಮೇಲೆ ಒಂದು ವಾರ ಉಸಿರಿಲ್ಲ. ನಂತರ ನೇಮಕಾತಿಯ ಅಧಿಕಾರಿಣಿ ನಾಲ್ಕನೆಯ ಮಹಡಿಯ ಕಿಟಕಿಯಿಲ್ಲದ ಕೋಣೆಗೆ ಕರೆಸಿದರು. ಅವರ ಮುಂದೆ ಒಂದು ತೆಳ್ಳಗಿನ ಹಳೆಯ ಫೈಲು. ಮಾತು ಮುಗಿಯುವವರೆಗೂ ಅದರ ಮೇಲಿಂದ ಅಂಗೈ ಎತ್ತಲಿಲ್ಲ.

“ನಿಮ್ಮನ್ನ ತಗೊಳ್ಳೋಕೆ ನಮಗೆ ಮನಸ್ಸಿದೆ. ಆದ್ರೆ ನೀವು ಒಂದು ಕಾಗದ ಹೆಚ್ಚಿಗೆ ಸಹಿ ಮಾಡ್ಬೇಕಾಗುತ್ತೆ” ಅಂದರು.

ಕಚೇರಿಯ ಯಾವ ಹಾಳೆಯನ್ನೂ ಮನೆಗೆ ಒಯ್ಯುವುದಿಲ್ಲ, ತಾಯಿಯ ಮನೆಯಲ್ಲಿ ಕೂತು ಕೆಲಸ ಮಾಡುವುದಿಲ್ಲ ಎಂಬ ಮುಚ್ಚಳಿಕೆ. ಕೊನೆಯಲ್ಲಿ ಒಂದು ಪ್ರಶ್ನೆ: ಬಣ್ಣದ ಕಾರ್ಖಾನೆಯ ಪ್ರಕರಣದ ಬಗ್ಗೆ ನಿಮಗೆ ಏನಾದರೂ ತಿಳಿದಿದೆಯೇ? ಯಾವ ಕಾರ್ಖಾನೆ ಎಂದು ಕೇಳಿದೆ. ಆಕೆ ನನ್ನ ಮುಖವನ್ನೇ ನೋಡಿದರು. ನಾನು ನಾಟಕ ಆಡುತ್ತಿಲ್ಲ ಎಂದು ಖಾತ್ರಿಯಾದ ಮೇಲೆ, “ನಿಮ್ಮ ತಾಯಿಯವರು ಯಾಕೆ ಕೆಲಸ ಬಿಟ್ರು ಅಂತ ಹೇಳಿಲ್ವಾ?” ಅಂದರು.

ಹೇಳಿದ್ದೀಯ. ಬೆನ್ನುನೋವು ಅಂತ. ಹತ್ತೊಂಬತ್ತು ವರ್ಷದಿಂದ ಬಂದವರಿಗೆಲ್ಲ ಅದನ್ನೇ ಹೇಳಿದ್ದೀಯ. ಎಷ್ಟು ಸಲ ಹೇಳಿದೆಯೆಂದರೆ, ನೀನು ಬಗ್ಗಿ ಏನಾದರೂ ಎತ್ತಲು ಹೋದರೆ ಇವತ್ತಿಗೂ ನಾನು ಓಡಿಬರುತ್ತೇನೆ.

ಆಮೇಲಿನ ಕೆಲವು ದಿನ ನಾನು ನಿನ್ನನ್ನೇ ಕಳ್ಳಿ ಅಂದುಕೊಂಡೆ. ಇದನ್ನು ಬರೆಯಲು ಬೆಳಿಗ್ಗೆಯಿಂದ ಮೂರು ಹಾಳೆ ಹರಿದಿದ್ದೇನೆ. ಆದರೆ ನೀನೇ ನನ್ನ ಜಾಗದಲ್ಲಿ ನಿಂತು ನೋಡು. ಒಂದು ಕಡೆ ನಿನ್ನ ಹೆಸರಿಗೆ ಮುಖ ಗಂಟಿಕ್ಕುವ ಹಳೆಯ ಬ್ಯಾಂಕು, ಇನ್ನೊಂದು ಕಡೆ ನಿನ್ನ ಕೈಬರಹ ಕಂಡು ಕರಗುವ ಅವರ ಎದುರಾಳಿ. ಎರಡನ್ನೂ ಕೂಡಿಸಿದರೆ ಎಂಥವರಿಗೂ ಬರುವ ಉತ್ತರ ಒಂದೇ. ಫೋನಿನಲ್ಲಿ ನಿನ್ನ ದನಿ ಕೇಳಿದಾಗಲೆಲ್ಲ, ಈ ದನಿಯೇ ಒಬ್ಬರಿಗೆ ಒಂದು ಸಂಖ್ಯೆಯನ್ನು ಪಿಸುಗುಟ್ಟಿ ಹೇಳಿತೇ ಅನ್ನಿಸುತ್ತಿತ್ತು. ನೀನು ‘ಊಟ ಮಾಡ್ದ್ಯಾ’ ಅಂದರೆ, ಇದು ಯಾವುದನ್ನು ಮುಚ್ಚಲು ಅನ್ನಿಸುತ್ತಿತ್ತು.

ಹೋದ ವಾರ ಮನೆಗೆ ಬಂದಿದ್ದಾಗ, ನೀನು ಇಲ್ಲದ ಹೊತ್ತು ನೋಡಿ ನಿನ್ನ ಕಬ್ಬಿಣದ ಪೆಟ್ಟಿಗೆ ತೆಗೆದೆ. ಬೀಗದ ಕೈ ಹೊಲಿಗೆ ಡಬ್ಬಿಯಲ್ಲಿ ಗುಂಡಿಗಳ ಕೆಳಗೆ ಇರುತ್ತದೆಂದು ನನಗೆ ಐದನೇ ಕ್ಲಾಸಿನಿಂದ ಗೊತ್ತು. ಒಳಗೆ ನಿನ್ನ ಶೀಘ್ರಲಿಪಿಯ ಹನ್ನೆರಡು ನೋಟ್‌ಬುಕ್ಕು, ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿದ ಮೋಟು ಪೆನ್ಸಿಲುಗಳು, ನನ್ನ ಹಾಲುಹಲ್ಲು ಇಟ್ಟ ಬೆಂಕಿಪೊಟ್ಟಣ. ಇನ್ನೇನೂ ಇಲ್ಲ. ನೆಮ್ಮದಿಯಾಗಬೇಕಿತ್ತು. ಆಗಲಿಲ್ಲ. ಎಷ್ಟು ಜಾಣತನದಿಂದ ಎಲ್ಲ ಸುಟ್ಟುಹಾಕಿದ್ದಾಳೆ ಅಂದುಕೊಂಡೆ. ಅನುಮಾನ ಒಮ್ಮೆ ಹೊಕ್ಕರೆ ಹೀಗೇ ಅಮ್ಮ, ಸಿಕ್ಕಿದರೂ ಸಾಕ್ಷಿ, ಸಿಗದಿದ್ದರೂ ಸಾಕ್ಷಿ.

ಭಾನುವಾರ ‘ಗಿಣಿ’ಯ ಮನೆ ಹುಡುಕಿಕೊಂಡು ಹೋದೆ. ಟೈಪ್ ಮಾಡುವಾಗ ಪ್ರತಿ ಸಾಲನ್ನೂ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರೆಂದು ಪಕ್ಕದ ಟೇಬಲ್ಲಿನ ಗೆಳತಿಗೆ ನೀನೇ ಇಟ್ಟ ಹೆಸರು. ಕೆಲಸ ಬಿಟ್ಟ ಮೇಲೆ ನೀನು ಅವರನ್ನು ಕಂಡರೆ ರಸ್ತೆ ದಾಟಿಬಿಡುತ್ತಿದ್ದೆ, ನನ್ನ ಕೈ ಎಳೆದುಕೊಂಡು. ಅವರು ಈಗ ಒಂದು ಹಳೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಬ್ಬರೇ ಇದ್ದಾರೆ. ಬಾಗಿಲ ಸರಪಳಿ ತೆಗೆಯದೆ ಎರಡು ಬೆರಳಗಲದ ಸಂದಿಯಿಂದ ನೋಡಿದರು. ಇಂಥವರ ಮಗಳು ಅಂದೆ. ಬಾಗಿಲು ಮುಚ್ಚಿಕೊಂಡಿತು. ಹೋಯಿತು, ಬಂದ ದಾರಿಗೆ ಸುಂಕವಿಲ್ಲ ಅಂದುಕೊಂಡೆ. ಮುಚ್ಚಿದ್ದು ಸರಪಳಿ ತೆಗೆಯಲು.

“ನಿಮ್ಮಮ್ಮ ಕಳ್ಸಿದ್ಲಾ?” ಅಂದರು.

ಇಲ್ಲ, ಅವಳಿಗೆ ಗೊತ್ತಿಲ್ಲ ಅಂದೆ.

“ಹಾಗಾದ್ರೆ ಕೂತ್ಕೋ.”

ಅವರು ಹೇಳಿದ್ದನ್ನೆಲ್ಲ ನಿನಗೇ ಹೇಳುವುದು ತಮಾಷೆಯಾಗಿದೆ, ನೀನು ಅಲ್ಲೇ ಇದ್ದವಳು. ಆದರೂ ನನಗೆ ಏನು ಗೊತ್ತು ಅನ್ನುವುದು ನಿನಗೆ ಗೊತ್ತಿರಲಿ. ಬಣ್ಣದ ಕಾರ್ಖಾನೆ ಮಾರಾಟಕ್ಕಿತ್ತು. ಕೊಳ್ಳುವವರು ಬೆಲೆಯನ್ನು ಬರೆದು, ಲಕೋಟೆಗೆ ಅರಗಿನ ಮುದ್ರೆ ಒತ್ತಿ ಕೊಡಬೇಕಿತ್ತು. ನಿಮ್ಮ ಬ್ಯಾಂಕು ಒಬ್ಬರಿಗೆ ಸಲಹೆಗಾರರು. ಆ ಬೆಲೆ ಗೊತ್ತಿದ್ದದ್ದು ನಾಲ್ಕೇ ಜನಕ್ಕೆ, ಅವರಲ್ಲಿ ಟೈಪ್ ಮಾಡಿದ ನೀನೊಬ್ಬಳು. ಲಕೋಟೆ ಒಡೆದಾಗ ಎದುರಾಳಿಯ ಬೆಲೆ ನಿಮ್ಮದಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಆ ಎದುರಾಳಿಗೆ ಲೆಕ್ಕ ಹಾಕಿಕೊಟ್ಟವರು ಆಗಿನ್ನೂ ಎಳೆಯರಾಗಿದ್ದ ಸಕ್ಕರೆ.

“ಮೂರು ದಿನ ವಿಚಾರಣೆ ಆಯ್ತು” ಅಂದರು ಗಿಣಿ ಆಂಟಿ. “ಯಾರೂ ಕೇಳೋಕೆ ಮುಂಚೆ ನಿಮ್ಮಮ್ಮನೇ ಒಪ್ಕೊಂಡ್ಲು. ಮಗಳಿಗೆ ಜ್ವರ ಇತ್ತು, ಅದಕ್ಕೆ ಹಾಳೆ ಮನೆಗೆ ತಗೊಂಡು ಹೋಗಿ ತಿದ್ದಿದೆ ಅಂತ. ಮನೇಲಿ ಯಾರ್ಯಾರಿದ್ರು ಅಂತ ಕೇಳಿದ್ರು. ನಾನು ಮಗಳು ಇಬ್ರೇ, ಗಂಡ ಊರಲ್ಲಿರ್ಲಿಲ್ಲ, ಅಂಗಡಿಗೆ ಮೆಷಿನ್ ನೋಡೋಕೆ ಹೋಗಿದ್ರು ಅಂದ್ಲು. ಆ ಹೇಳಿಕೆ ಟೈಪ್ ಮಾಡಿದ್ದೇ ನಾನು. ಒಂದಕ್ಷರಾನೂ ಮರ್ತಿಲ್ಲ.”

ನಾನು ಇನ್ನೊಮ್ಮೆ ಕೇಳಿದೆ. ಗಂಡ ಊರಲ್ಲಿರಲಿಲ್ಲ ಅಂದಳಾ?

“ಅಂದ್ಲು. ಏನೂ ಸಾಬೀತಾಗ್ಲಿಲ್ಲ. ಅಜಾಗರೂಕತೆ ಅಂತ ಬರ್ದು ರಾಜೀನಾಮೆ ತಗೊಂಡ್ರು. ನಿಮ್ಮಮ್ಮ ಕೊಟ್ಟಿಲ್ಲ ಕಣೇ, ಅದು ನಂಗೊತ್ತು. ಆದ್ರೆ ಏನೋ ನುಂಗ್ಕೊಂಡ್ಲು. ಅದೇನು ಅಂತ ಇವತ್ತಿಗೂ ಗೊತ್ತಿಲ್ಲ.”

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಇಳಿಯಬೇಕಾದ ಸ್ಟಾಪು ಬಿಟ್ಟು ಮೂರು ಸ್ಟಾಪು ಮುಂದೆ ಹೋಗಿದ್ದೆ. ಯಾಕೆಂದರೆ ಆ ಜ್ವರ ನನಗೆ ನೆನಪಿದೆ. ನನಗೆ ಒಂಬತ್ತು ವರ್ಷ. ಚಿಕ್ಕಂದಿನಲ್ಲಿ ಅಪ್ಪ ತಮ್ಮ ಜೆರಾಕ್ಸ್ ಅಂಗಡಿ ಮುಚ್ಚಿ ನನ್ನ ಪಕ್ಕದಲ್ಲಿ ಕೂತದ್ದು ಅದೊಂದೇ ಸಲ, ಅದಕ್ಕೇ ಮರೆತಿಲ್ಲ. ಹಣೆಯ ಮೇಲಿನ ಬಟ್ಟೆಯನ್ನು ಅವರೇ ಒದ್ದೆ ಮಾಡಿ ಮಾಡಿ ಹಾಕುತ್ತಿದ್ದರು. ನೀನು ಊಟದ ಮೇಜಿನ ಹತ್ತಿರ, ಕಿವಿಯ ಮೇಲೆ ಪೆನ್ಸಿಲು. ಹಿಂದಿನ ರಾತ್ರಿಯೆಲ್ಲ ಎದ್ದಿದ್ದವಳು, ಹಾಳೆಗಳ ಮೇಲೇ ತಲೆಯಿಟ್ಟು ನಿದ್ದೆಹೋದೆ. ಹೊರಗೆ ಇನ್ನೂ ಬೆಳಕಿತ್ತು. ಅಪ್ಪ ಎದ್ದರು, ಮೇಜಿನಿಂದ, ನೀನು ತಿದ್ದಿದ ಹಾಳೆ ಹಾಕಿಟ್ಟಿದ್ದ ಒಂದು ಲಕೋಟೆ ತೆಗೆದುಕೊಂಡರು. “ಮಾತ್ರೆ ತರ್ತೀನಿ, ಅಮ್ಮನ್ನ ಎಬ್ಬಿಸ್ಬೇಡ” ಅಂದರು. ಮಾತ್ರೆ ಮನೆಯಲ್ಲೇ ಇತ್ತು, ಸ್ವಲ್ಪ ಹೊತ್ತಿನ ಮುಂಚೆ ಆ ಪೊಟ್ಟಣದಿಂದಲೇ ಒಂದು ನುಂಗಿದ್ದೆ. ಅವರು ಬಂದಾಗ ಬೀದಿದೀಪ ಹತ್ತಿತ್ತು. ಕೈಯಲ್ಲಿ ಮಾತ್ರೆಯ ಜೊತೆಗೆ ನನಗೊಂದು ಬಣ್ಣದ ಪೆನ್ಸಿಲ್ ಡಬ್ಬಿ. ಅದರಲ್ಲಿ ಇಪ್ಪತ್ತನಾಲ್ಕು ಬಣ್ಣ. ನನ್ನ ತರಗತಿಯಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಅಪ್ಪ ಊರಲ್ಲೇ ಇದ್ದರು ಅಮ್ಮ. ನೀನು ಬ್ಯಾಂಕಿನವರ ಎದುರು ಕೂತು ಇಲ್ಲ ಅಂದೆ.

ಆದರೂ ಜ್ವರದಲ್ಲಿದ್ದ ಮಗುವಿನ ನೆನಪನ್ನು ನನ್ನ ಕೆಲಸದಲ್ಲಿ ಯಾರೂ ಸಾಕ್ಷಿ ಅನ್ನುವುದಿಲ್ಲ. ಹತ್ತು ದಿನ ನಿನ್ನನ್ನು ತಪ್ಪಾಗಿ ಅನುಮಾನಿಸಿದವಳು, ಈಗ ಅಪ್ಪನನ್ನೂ ತಪ್ಪಾಗಿಯೇ ಅನುಮಾನಿಸುತ್ತಿರಬಹುದಲ್ಲ? ಹಾಗೇ ಆಗಲಿ ಎಂದು ಎಷ್ಟು ಆಸೆಪಟ್ಟೆ ಅನ್ನುವುದನ್ನು ಹೇಗೆ ಹೇಳಲಿ. ನಿನ್ನೆ ಬೆಳಿಗ್ಗೆ ಸಕ್ಕರೆಯವರ ಕಚೇರಿಗೆ ಹೋದೆ. ಕೆಲಸದ ಬಗ್ಗೆ ಒಂದೆರಡು ಸಂದೇಹ ಇದೆ ಅಂದೆ.

ಅವರ ಮೇಜಿನ ಮೇಲೆ ಒಂದು ಚೂರು ಕಾಗದವೂ ಇರುವುದಿಲ್ಲ. ಹಿಂದಿನ ಕಪಾಟಿನಲ್ಲಿ ಮಾತ್ರ ಅವರು ಕುದುರಿಸಿದ ವ್ಯವಹಾರಗಳ ದಪ್ಪ ದಪ್ಪ ಪುಸ್ತಕಗಳು, ಸಾಲಾಗಿ. ಎಲ್ಲದರ ಬೆನ್ನ ಬುಡದಲ್ಲೂ ರೆಕ್ಕೆ ಬಿಚ್ಚಿದ ಕೊಕ್ಕರೆಯ ಗುರುತು. ಅಪ್ಪನ ಪ್ರೆಸ್ಸಿನದು. ಆ ಗುರುತನ್ನು ಇಷ್ಟು ವರ್ಷ ಎಲ್ಲೆಲ್ಲೋ ನೋಡಿ ಹೆಮ್ಮೆಪಟ್ಟಿದ್ದೇನೆ.

ಇಷ್ಟು ಜನರಲ್ಲಿ ನನ್ನನ್ನೇ ಯಾಕೆ ಆರಿಸಿದಿರಿ ಎಂದು ಕೇಳಿದೆ.

“ನಿಮ್ಮ ತಂದೆಯವರು ಹೋದ ತಿಂಗಳು ಇಲ್ಲಿಗೇ ಬಂದಿದ್ರು. ಮಗಳಿಗೆ ಒಂದು ದಾರಿ ಮಾಡ್ಕೊಡಿ ಅಂದ್ರು. ಅವರು ಬಾಯ್ಬಿಟ್ಟು ಕೇಳಿದ್ಮೇಲೆ ಇಲ್ಲ ಅನ್ನೋಕಾಗುತ್ತಾ?”

ಯಾಕೆ ಆಗುವುದಿಲ್ಲ ಅಂದೆ. ನಕ್ಕರು. ಅಮ್ಮನ ಕೈಬರಹವನ್ನು ನೀವು ಎಲ್ಲಿ ನೋಡಿದಿರಿ ಅಂದೆ. ನಗು ಮುಖದ ಮೇಲೇ ಇತ್ತು, ಕಣ್ಣು ಮಾತ್ರ ಬಾಗಿಲ ಕಡೆ ಹೋಯಿತು. ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

“ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ” ಅಂದರು.

“ಅಮ್ಮ ಕೊಟ್ಟಿದ್ದಾ?”

“ಛೇ ಛೇ! ಆಯಮ್ಮನಿಗೆ ಇದರ ಗಾಳಿಗಂಧಾನೂ ಇರ್ಲಿಲ್ಲ. ನಿಮ್ಮ ತಂದೆ ಜೆರಾಕ್ಸ್ ಪ್ರತಿ ತಂದ್ಕೊಟ್ರು. ನಾನು ಅವರ ಅಂಗಡಿಗೆ ಕಾಪಿ ಮಾಡ್ಸೋಕೆ ಹೋಗ್ತಿದ್ದೆ, ಹಾಗೆ ಪರಿಚಯ. ಅವತ್ತು ಅವರು ಬರದೇ ಇದ್ದಿದ್ರೆ ನಾನು ಇವತ್ತು ಈ ಕುರ್ಚೀಲಿ ಕೂತಿರ್ತಿರ್ಲಿಲ್ಲ. ನನ್ನ ಪುಸ್ತಕ ಎಲ್ಲಾನೂ ಅವರ ಹತ್ರಾನೇ ಅಚ್ಚು ಹಾಕಿಸ್ತೀನಿ ಅಂತ ಮಾತು ಕೊಟ್ಟಿದ್ದೆ, ಇವತ್ತಿಗೂ ತಪ್ಪಿಲ್ಲ. ಹಳೇ ಕಥೆ ಬಿಡಿ, ಆ ಕಾರ್ಖಾನೇನೇ ಈಗಿಲ್ಲ. ಯಾರಿಗೆ ನಷ್ಟ ಆಯ್ತು ಹೇಳಿ?”

“ನಮ್ಮಮ್ಮನಿಗೆ” ಅಂದೆ.

ಅವರು ದನಿ ಇನ್ನಷ್ಟು ಮೆತ್ತಗೆ ಮಾಡಿ, ಸಂಬಳದ ವಿಷಯ ಇನ್ನೊಂದು ಸಲ ಕೂತು ಮಾತಾಡೋಣ ಅಂದರು. ನನ್ನ ಬಾಯಿಗೂ ಒಂದು ಬೆಲೆ ಇರುತ್ತದೆ ಅನ್ನುವುದರಲ್ಲಿ ಆ ಮನುಷ್ಯನಿಗೆ ಎಳ್ಳಷ್ಟೂ ಸಂದೇಹವಿರಲಿಲ್ಲ. ಅಪ್ಪನ ಮಗಳಲ್ಲವೇ.

ಹೊರಗೆ ಬಂದು ಅವರ ಕಟ್ಟಡದ ಎದುರಿನ ಕಲ್ಲುಬೆಂಚಿನ ಮೇಲೆ ಎಷ್ಟು ಹೊತ್ತು ಕೂತಿದ್ದೆನೋ. ಕೋಪ ಬರಲಿ ಎಂದು ಕಾದೆ. ಬಂದದ್ದು ನಿನ್ನ ನೆನಪು. ಕೆಲಸ ಬಿಟ್ಟ ಮೇಲೆ ನೀನು ಅದೇ ಊಟದ ಮೇಜಿನ ಮೇಲೆ ಕಾಲೇಜು ಹುಡುಗರ ಪ್ರಬಂಧ ಟೈಪ್ ಮಾಡುತ್ತಿದ್ದೆ, ಹಾಳೆಗೆ ಇಷ್ಟು ಅಂತ. ಹೊಸಬರು ಬಂದರೆ ಒಳಗೆ ಹೋಗಿಬಿಡುತ್ತಿದ್ದೆ. ಹಳೆಯ ಸಹೋದ್ಯೋಗಿಗಳು ಕಂಡರೆ ರಸ್ತೆ ದಾಟುತ್ತಿದ್ದೆ. ಅತ್ತ ಅಪ್ಪನ ಜೆರಾಕ್ಸ್ ಅಂಗಡಿ ಎರಡೇ ವರ್ಷದಲ್ಲಿ ಪ್ರೆಸ್ಸಾಯಿತು. ಆಮೇಲೆ ನೀನು ಅಲ್ಲಿಗೇ ಹೋಗಿ ಕರಡು ತಿದ್ದಲು ಕೂತೆ. ಅಮ್ಮ, ನೀನು ಕಣ್ಣು ಕೀಲಿಸಿ ಕೂತು ತಪ್ಪು ಹುಡುಕಿ ತಿದ್ದಿದ ಆ ಪುಸ್ತಕಗಳು ಸಕ್ಕರೆಯವರ ಪುಸ್ತಕಗಳೇ. ನಾನು ಓದಿದ್ದೂ ಅದರಿಂದಲೇ. ಈ ಕಾಗದ ಬರೆಯುತ್ತಿರುವ ಪೆನ್ನೂ ಅಪ್ಪ ಕೊಡಿಸಿದ್ದು. ಯಾವುದನ್ನು ಮುಟ್ಟಲಿ, ಯಾವುದನ್ನು ಬಿಡಲಿ?

ಈಗ ನನ್ನ ಪ್ರಶ್ನೆ. ನಿನಗೆ ಗೊತ್ತಿತ್ತಾ?

ಗೊತ್ತಿರಲಿಲ್ಲ ಎಂದು ಸಕ್ಕರೆ ಹೇಳುತ್ತಾರೆ. ಅಪ್ಪ ಅವರಿಗೆ ಹಾಗೆ ಹೇಳಿರಬೇಕು, ಅಪ್ಪ ಅದನ್ನೇ ನಂಬಿರಲೂಬೇಕು. ಆದರೆ ಗೊತ್ತಿಲ್ಲದವಳು, ಯಾರೂ ಅಪ್ಪನ ಹೆಸರೆತ್ತುವ ಮೊದಲೇ, ಹೇಳಿಕೆಯಲ್ಲಿ ಅವರನ್ನು ಊರಿನಿಂದಲೇ ಆಚೆ ಯಾಕೆ ಕಳಿಸಿದೆ? ನಿದ್ದೆಯಿಂದ ಎದ್ದಾಗ ಲಕೋಟೆ ಮೇಜಿನ ಮೇಲೆ ಇರಲಿಲ್ಲವಾ? ಅಥವಾ ಇಟ್ಟ ಹಾಗೆ ಇರಲಿಲ್ಲವಾ? ನನ್ನ ಕೈಯಲ್ಲಿ ಹೊಸ ಪೆನ್ಸಿಲ್ ಡಬ್ಬಿ ಕಂಡು ಏನನ್ನಿಸಿತು? ಗೊತ್ತಿದ್ದೂ ನುಂಗಿಕೊಂಡಿದ್ದರೆ, ನೀನು ಗಂಡನಿಗೇ ಗೊತ್ತಾಗದ ಹಾಗೆ ಗಂಡನನ್ನು ಕಾಪಾಡಿದೆ. ಇಷ್ಟು ವರ್ಷ ಒಂದೇ ಮನೆಯಲ್ಲಿ, ಅವರು ನಿನ್ನಿಂದ ಮುಚ್ಚಿಟ್ಟುಕೊಂಡು, ನೀನು ಅವರಿಂದ ಮುಚ್ಚಿಟ್ಟುಕೊಂಡು, ಇಬ್ಬರೂ ಸೇರಿ ನನ್ನಿಂದ. ಎಷ್ಟು ಪ್ರೀತಿಯ ಮನೆ ನಮ್ಮದು ಎಂದು ಗೆಳತಿಯರೆಲ್ಲ ಹೊಟ್ಟೆಕಿಚ್ಚು ಪಡುತ್ತಿದ್ದರು. ಪ್ರೀತಿ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಇತ್ತು, ಇದೆ. ನನ್ನನ್ನು ಹೆದರಿಸುತ್ತಿರುವುದೇ ಅದು.

ನಿನಗೆ ನಿಜವಾಗಿಯೂ ಏನೂ ಗೊತ್ತಿರದಿದ್ದರೆ, ಇಂಥ ಮಾತನ್ನು ಹೀಗೆ ಹೇಳಿದ್ದಕ್ಕೆ ಕ್ಷಮಿಸು. ಪೆಟ್ಟಿಗೆ ತೆಗೆದದ್ದಕ್ಕೆ ಕ್ಷಮಿಸಬೇಡ. ಅದಕ್ಕೆ ಎದುರಿಗೆ ಬೈಸಿಕೊಳ್ಳುತ್ತೇನೆ.

ಉತ್ತರದ ವಿಷಯ. ಗಾಜಿನ ಕಟ್ಟಡಕ್ಕೆ ಎರಡು ಸಾಲು ಬರೆದೆ, ಬರುವುದಿಲ್ಲ ಎಂದು. ಗಡಿಯಾರದ ಬ್ಯಾಂಕಿಗೆ ಬರುತ್ತೇನೆ ಎಂದೆ. ಗಾಜಿನ ಕಟ್ಟಡಕ್ಕಿಂತ ಸಂಬಳ ಮೂರರಲ್ಲೊಂದು ಪಾಲು ಕಡಿಮೆ, ಕೂರುವ ಜಾಗ ಕಂಬದ ಹಿಂದೆ, ಮೊದಲ ದಿನದಿಂದಲೇ ನನ್ನ ಮೇಲೆ ಒಂದು ಕಣ್ಣು. ಇರಲಿ. ಅವರ ಅನುಮಾನಕ್ಕೆ ಒಂದು ಕಾರಣವಿದೆ, ಅದನ್ನು ದಿನದಿನವೂ ಕೆಲಸ ಮಾಡಿ ಅಳಿಸಬಹುದು. ಸಕ್ಕರೆಯವರು ನನ್ನ ಮೇಲಿಟ್ಟ ನಂಬಿಕೆಗೂ ಒಂದು ಕಾರಣವಿದೆಯಲ್ಲ, ಅದನ್ನು ಏನು ಮಾಡಿದರೂ ಅಳಿಸಲಾಗುವುದಿಲ್ಲ.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಹೆಚ್ಚುವರಿ ಕಾಗದಕ್ಕೆ ಸಹಿ ಹಾಕಬೇಕು. ‘ಬಣ್ಣದ ಕಾರ್ಖಾನೆಯ ಬಗ್ಗೆ ನಿಮಗೆ ಏನಾದರೂ ತಿಳಿದಿದೆಯೇ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬರೆದರೆ ಮುಗಿಯಿತು, ಕುರ್ಚಿ ನನ್ನದು. ಗಿಣಿ ಆಂಟಿ, ಸಕ್ಕರೆ ಇಬ್ಬರೂ ಯಾರಿಗೂ ಹೇಳುವವರಲ್ಲ. ನಿನ್ನೆ ಸಂಜೆಯೆಲ್ಲ ಆ ಎರಡಕ್ಷರವನ್ನು ಬಾಯಲ್ಲಿ ಹೊರಳಿಸಿ ನೋಡಿದೆ. ನೀನು ಆ ಬ್ಯಾಂಕಿನಿಂದ ಒಂದು ಸುಳ್ಳು ಹೇಳಿ ಹೊರಗೆ ಬಂದೆ, ನಾನು ಒಂದು ಸುಳ್ಳು ಹೇಳಿ ಒಳಗೆ ಹೋಗಲಾರೆ. ‘ತಿಳಿದಿದೆ. ಆ ಹಾಳೆಯನ್ನು ನನ್ನ ತಾಯಿ ಯಾರಿಗೂ ಕೊಡಲಿಲ್ಲ’ ಎಂದು ಬರೆಯುತ್ತೇನೆ. ಹಾಗಾದರೆ ಯಾರು ಎಂದು ಅವರು ಕೇಳಿಯೇ ಕೇಳುತ್ತಾರೆ. ಕೇಳಿದರೆ ಹೇಳುತ್ತೇನೆ. ಹೇಳಿದ ಕಾಲು ಗಂಟೆಯಲ್ಲಿ ನನ್ನನ್ನು ಹೊರಗೆ ಕಳಿಸಿದರೂ ಕಳಿಸಿಯಾರು. ಈಗಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿದೆ. ಭಯ ಇದೆ ಅಮ್ಮ. ಆದರೆ ಆ ತೆಳ್ಳಗಿನ ಫೈಲಿನಲ್ಲಿ ನಿನ್ನ ಹೆಸರಿನ ಎದುರು ಇನ್ನೊಂದು ಸಾಲು ಬರಬೇಕು. ಬೇರೆಯವರು ಅದನ್ನು ಬರೆಯಿಸುವವರಲ್ಲ.

ಈ ಕಾಗದ ಕೊರಿಯರಿನಲ್ಲಿ ಶನಿವಾರ ಬೆಳಿಗ್ಗೆ ನಿನ್ನನ್ನು ಮುಟ್ಟುತ್ತದೆ. ಫೋನು ಮಾಡುವುದಾದರೆ ಮಾಡು. ಆದರೆ ಊಟ ಆಯಿತಾ ಎಂದು ಮಾತ್ರ ಕೇಳಬೇಡ.

ನಿನ್ನನ್ನು ಹತ್ತು ದಿನ ನಂಬದಿದ್ದ,
ನಿನ್ನ
ಪಿಟೀಲು

ತಾ.ಕ. ಅಪ್ಪ, ಇದು ನಿಮಗೆ. ಅಮ್ಮನ ಕಣ್ಣಿನ ಆಪರೇಷನ್ ಆಗಿ ಇನ್ನೂ ಹತ್ತು ದಿನ ಕಳೆದಿಲ್ಲ. ಇನ್ನು ಮೂರು ವಾರ ಅವಳು ಒಂದಕ್ಷರವೂ ಓದಕೂಡದೆಂದು ಡಾಕ್ಟರು ಹೇಳುವಾಗ ನಾನೂ ಅಲ್ಲೇ ನಿಂತಿದ್ದೆ. ಮನೆಗೆ ಬಂದ ಕಾಗದವನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿರುವವರು ನೀವೇ ಎಂದು ಗೊತ್ತಿದ್ದೇ ಬರೆದಿದ್ದೇನೆ. ಸೋಮವಾರ ಒಂಬತ್ತೂವರೆಗೆ ನಾನು ಬ್ಯಾಂಕಿನ ಮೆಟ್ಟಿಲ ಬಳಿ ಇರುತ್ತೇನೆ. ನೀವಾಗಿಯೇ ಬಂದರೆ ಒಳಗೆ ನಾನು ಬಾಯಿ ತೆರೆಯುವುದಿಲ್ಲ, ನಿಮ್ಮ ಪಕ್ಕದಲ್ಲಿ ಕೂತಿರುತ್ತೇನೆ. ಒಂದು ವೇಳೆ ನಡುವಿನ ಹಾಳೆಗಳನ್ನು ಹಾರಿಸಿ ಇಲ್ಲಿಗೆ ಬಂದಿದ್ದರೆ, ದಯವಿಟ್ಟು ಹಿಂದಕ್ಕೆ ಹೋಗಿ ಓದಿ. ಈಗಷ್ಟೇ ಅಮ್ಮನಿಗೆ ಫೋನು ಮಾಡಿ, ಒಟ್ಟು ಒಂಬತ್ತು ಹಾಳೆ ಬರೆದಿದ್ದೇನೆ ಎಂದು ಹೇಳಿದೆ. ನೀವು ಹಾಳೆ ಮಗುಚುವ ಸದ್ದನ್ನು ಅವಳು ಎಣಿಸುತ್ತಿರುತ್ತಾಳೆ. ಇದು ಒಂಬತ್ತನೆಯದು.